ಹೆಸರು ಕನ್ನಡದ್ದೇ ಇರಲಿ, ವೇಷ ಗೊತ್ತಿರಲಿ

ಯವ್ವಾ, ಸಿಂದಗಿಯಲ್ಲಿ ಅಂಗಡಿ ಹಾಕಿ ಜನರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದೀ ಅಂತ ನಿಮ್ಮಪ್ಪ ಹೇಳಿದ. ಇಂಡಿ ಕಡೆಯ ಲಿಂಬೆ ಬೆಳೆಗಾರರು, ಮುದ್ದೇಬಿಹಾಳದ ಬೀಜ-ಗೊಬ್ಬರದ ಅಂಗಡಿಯವರು, ಬಸವನ ಬಾಗೇವಾಡಿಯ ಶಾಲೆಯೊಂದರವರು, ಎಲ್ಲರೂ ಒಂದೇ ಮಾತು ಕೇಳುತ್ತಿದ್ದಾರಂತೆ: 'ಅಡ್ರೆಸ್ಸು ಪೂರ್ತಿ ಕನ್ನಡದಾಗ ಆಗ್ತದೇನವಾ?' ನೀನು ಆಗ್ತದ ಅಂದಿದ್ದೀ. ಆಗುತ್ತದೆ, ಖರೇ. ಆದರೆ ಅದು ಆಗುವುದು ಹೇಗೆ ಅಂತ ತಿಳಿಯದೆ ಮುಂಗಡ ಇಸಿದುಕೊಂಡರೆ ನಾಳೆ ಗಿರಾಕಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನಿಮ್ಮ ಕಾಕಾ ಹೇಳುವುದು ಇಷ್ಟು: ಕನ್ನಡದ ಹೆಸರು ಅಂತರ್ಜಾಲದ ಹಳೆಯ ದಾರಿಯಲ್ಲಿ ಕನ್ನಡವಾಗಿ ಹೋಗುವುದಿಲ್ಲ, ವೇಷ ಹಾಕಿಕೊಂಡು ಹೋಗುತ್ತದೆ. ಆ ವೇಷವನ್ನು ಗುರುತು ಹಿಡಿಯುವುದು ಕಲಿತುಕೋ.

ಇಂಗ್ಲಿಷಿನ ಹೆಸರೇ ಸಾಕಲ್ಲ, ಈ ಹಟ ಯಾಕೆ ಅನ್ನುವವರೂ ಸಿಗುತ್ತಾರೆ. ಅವರಿಗೆ ಸಿಂದಗಿಯನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸು ಅನ್ನು. 'ಡಿ' ಆದಮೇಲೆ 'ಎ' ಹಾಕುವವರು ಅರ್ಧ ಮಂದಿ, ಬಿಡುವವರು ಅರ್ಧ ಮಂದಿ. ಚುನಾವಣಾ ಆಯೋಗದ ಪಟ್ಟಿಯಲ್ಲಿ ಆ 'ಎ' ಇಲ್ಲ, ಅಂಗಡಿಗಳ ಬೋರ್ಡಿನ ಮೇಲೆ ಇದೆ. ಬಾಗೇವಾಡಿಗೆ 'ಡಬ್ಲ್ಯು'ವೋ 'ವಿ'ಯೋ ಅನ್ನುವುದು ಬರೆಯುವವನ ಮರ್ಜಿ. ಇನ್ನು ಇಂಡಿ! ಆ ನಾಲ್ಕು ಇಂಗ್ಲಿಷ್ ಅಕ್ಷರ ನೋಡಿದ ಪರ ಊರಿನವನು 'ಇಂಡಿಯಾ' ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟಿದ್ದಾರೆ ಅಂದುಕೊಳ್ಳುತ್ತಾನೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಅದೇ ಊರಿನಲ್ಲಿ. ಊರಿನ ಹೆಸರಿನ ಮೇಲೆಯೇ ಮಾಲು ಮಾರುವವರು ಆ ಹೆಸರನ್ನು ತಾವು ಬರೆಯುವ ಲಿಪಿಯಲ್ಲೇ ಕೇಳಿದರೆ ಅದು ಹಟವಲ್ಲ, ವ್ಯಾಪಾರ.

ಈಗ ಹಳೆಯ ದಾರಿಯ ವಿಷಯ. ಅಂತರ್ಜಾಲದಲ್ಲಿ ಹೆಸರು ಹೇಳಿದರೆ ಯಂತ್ರದ ನಂಬರು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಅನ್ನುತ್ತಾರೆ, ಅದು ನಿನಗೆ ಗೊತ್ತು. ಅಮೆರಿಕದ ಪಾಲ್ ಮೊಕಪೆಟ್ರಿಸ್ ಅನ್ನುವವರು 1983ರಲ್ಲಿ ಅದನ್ನು ರೂಪಿಸಿದರು. 1987ರಲ್ಲಿ ಆರ್‌ಎಫ್‌ಸಿ 1034, 1035 ಎಂಬ ಎರಡು ದಾಖಲೆಗಳಲ್ಲಿ ಅದು ನೆಲೆಗೊಂಡಿತು. ಹೆಸರಿಗೆ ಬಳಸಬಹುದಾದದ್ದು ಇಂಗ್ಲಿಷಿನ 26 ಅಕ್ಷರ, 0ಯಿಂದ 9ರವರೆಗಿನ 10 ಅಂಕಿ, ಒಂದು ಹೈಫನ್. ಒಟ್ಟು 37. ಚುಕ್ಕೆಯಿಂದ ಚುಕ್ಕೆಗೆ ಒಂದು ತುಂಡು 63 ಅಕ್ಷರ ದಾಟಬಾರದು, ಪೂರ್ತಿ ಹೆಸರು 255 ದಾಟಬಾರದು. ಜಗತ್ತಿನಲ್ಲಿ ಬೇರೆ ಲಿಪಿಗಳಿವೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಆಗಿನ ಯಂತ್ರಗಳೆಲ್ಲ ಅರ್ಥ ಮಾಡಿಕೊಳ್ಳುತ್ತಿದ್ದದ್ದು ಅಷ್ಟನ್ನೇ.

'ಹಾಗಾದರೆ ಡಿಎನ್‌ಎಸ್ಸನ್ನೇ ಬದಲಾಯಿಸಿ ಕನ್ನಡ ಕಲಿಸಬಹುದಿತ್ತಲ್ಲ ಕಾಕಾ?' ಅಂತ ನೀನು ಕೇಳುತ್ತೀ. ವಿಚಿತ್ರ ಏನೆಂದರೆ, ಡಿಎನ್‌ಎಸ್‌ನ ಸರ್ವರುಗಳು ಬೇಕಿದ್ದರೆ ಯಾವ ಬೈಟನ್ನಾದರೂ ಸಾಗಿಸುತ್ತವೆ. ಆ ಮಟ್ಟದಲ್ಲಿ ಅಂಥ ನಿರ್ಬಂಧ ಇಲ್ಲ ಅಂತ 1997ರ ಆರ್‌ಎಫ್‌ಸಿ 2181 ಬಿಡಿಸಿ ಹೇಳಿದೆ. ತೊಂದರೆ ಇದ್ದದ್ದು ಅವುಗಳ ಸುತ್ತ ಬೆಳೆದ ತಂತ್ರಾಂಶದಲ್ಲಿ: ಮೇಲ್ ಸರ್ವರು, ಬ್ರೌಸರು, ರೌಟರು, ಬ್ಯಾಂಕಿನ ಫಾರಮ್ಮು, ಯಾರೋ ಯಾವಾಗಲೋ ಬರೆದಿಟ್ಟ ಸಾವಿರಾರು ಪ್ರೋಗ್ರಾಮು. ಎಲ್ಲವೂ ಆ 37ನ್ನೇ ನಂಬಿಕೊಂಡು ಕೂತಿದ್ದವು. ಆ ದಾರಿಯಲ್ಲಿ ಕನ್ನಡ ಅಕ್ಷರದ ಬೈಟು ಬಂದರೆ ಒಂದು ಅದನ್ನು ಕತ್ತರಿಸುತ್ತದೆ, ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ, ಮತ್ತೊಂದು ಸುಮ್ಮನೆ ಬಿದ್ದುಬಿಡುತ್ತದೆ. ಎಲ್ಲವನ್ನೂ ಒಂದೇ ದಿನ ಬದಲಾಯಿಸುವ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ, ಇವತ್ತಿಗೂ ಇಲ್ಲ. ಅದಕ್ಕೆ ನಡುವಿನ ಯಂತ್ರಗಳನ್ನು ಮುಟ್ಟದೆ ಎರಡು ತುದಿಗಳಲ್ಲಿ ಮಾತ್ರ ಹೊಸ ಬುದ್ಧಿ ಇಡುವ ದಾರಿ ಹುಡುಕಿದರು.

ನಾನು ತಾರು ಆಫೀಸಿನಲ್ಲಿ ದುಡಿದವನು, ನನಗೆ ಇದು ಹೊಸದೆನಿಸಲಿಲ್ಲ. ಮದುವೆ ಸೀಸನ್ನಿನಲ್ಲಿ ಶುಭಾಶಯದ ತಾರಿಗೆ ನಾವು ಪೂರ್ತಿ ವಾಕ್ಯ ಕಳಿಸುತ್ತಿರಲಿಲ್ಲ. ಇಲಾಖೆ ಸಿದ್ಧ ವಾಕ್ಯಗಳ ಪಟ್ಟಿ ಮಾಡಿ ಒಂದೊಂದಕ್ಕೂ ಒಂದು ನಂಬರು ಕೊಟ್ಟಿತ್ತು. ತಂತಿಯ ಮೇಲೆ ಹೋಗುತ್ತಿದ್ದದ್ದು ನಂಬರು. ಆ ಕಡೆಯವನು ಪಟ್ಟಿ ನೋಡಿ ಹಾರೈಕೆಯ ಪೂರ್ತಿ ವಾಕ್ಯ ಬರೆದು ಪೋಸ್ಟ್‌ಮನ್ನನ ಕೈಗೆ ಕೊಡುತ್ತಿದ್ದ. ನಡುವಿನ ಕಂಬಗಳಿಗೆ ಮದುವೆಯ ಸುದ್ದಿ ಗೊತ್ತೇ ಇರುತ್ತಿರಲಿಲ್ಲ. ಎರಡೂ ತುದಿಯ ಪಟ್ಟಿ ಒಂದೇ ಇದ್ದರೆ ಮುಗಿಯಿತು. 2013ರ ಜುಲೈನಲ್ಲಿ ತಾರು ಸೇವೆಯೇ ನಿಂತಿತು. ಆ ಉಪಾಯ ಮಾತ್ರ ನಿನ್ನ ಕಂಪ್ಯೂಟರಿನಲ್ಲಿ ದಿನಾ ಕೆಲಸ ಮಾಡುತ್ತಿದೆ.

ಇದು ಅಮೆರಿಕದವರು ನಮಗೆ ಕೊಟ್ಟ ದಾನವೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾರ್ಟಿನ್ ಡ್ಯೂರ್ಸ್ಟ್ ಅನ್ನುವವರು 1996ರಲ್ಲಿ ಮೊದಲ ಪ್ರಸ್ತಾವ ಇಟ್ಟರೆ, 1998ರಲ್ಲಿ ಅದನ್ನು ಕೆಲಸಕ್ಕೆ ಹಚ್ಚಿ ತೋರಿಸಿದ್ದು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಟಾನ್ ಟಿನ್ ವೀ ಅವರ ತಂಡ. ಇಂಗ್ಲಿಷ್ ಓದಲು ಬರದ ಮಂದಿ ಹೆಚ್ಚಿರುವ ಏಷ್ಯಾದಲ್ಲೇ ಇದರ ಹಸಿವು ಮೊದಲು ಹುಟ್ಟಿದ್ದು. ಆಮೇಲೆ ಹಲವು ಪದ್ಧತಿಗಳು ಪೈಪೋಟಿಗೆ ನಿಂತವು. 2003ರ ಮಾರ್ಚಿನಲ್ಲಿ ಗೆದ್ದದ್ದು ಆ್ಯಡಮ್ ಕಾಸ್ಟೆಲೊ ಬರೆದ ಪ್ಯೂನಿಕೋಡ್, ಆರ್‌ಎಫ್‌ಸಿ 3492. ವೇಷ ಹಾಕಿದ ಹೆಸರು ಅಂತ ಗೊತ್ತಾಗಲು ಅದರ ಮುಂದೆ 'ಎಕ್ಸ್', 'ಎನ್', ಎರಡು ಹೈಫನ್ ಅಂಟಿಸಬೇಕು ಅಂತ ಗೊತ್ತುಮಾಡಿದರು.

ವೇಷ ಹೇಗಿರುತ್ತದೆ ಅಂತ ಒಂದು ಸಲ ಬಿಡಿಸಿ ನೋಡೋಣ, ಕೇಳವಾ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರು ಇದೆ. ಕನ್ನಡಕ್ಕೆ ಕೊಟ್ಟದ್ದು ಒಂದೇ ಕಡೆ ಒತ್ತೊತ್ತಾಗಿ 128 ಮನೆ. 'ಭಾರತ' ಅನ್ನುವುದರಲ್ಲಿ ಯಂತ್ರಕ್ಕೆ ಕಾಣುವುದು ನಾಲ್ಕು: ಭ 3245, ದೀರ್ಘದ ಗುರುತು 3262, ರ 3248, ತ 3236. ಪ್ಯೂನಿಕೋಡ್ ಇವನ್ನು ನಾವು ಓದುವ ಸಾಲಿನಲ್ಲಿ ತೆಗೆದುಕೊಳ್ಳುವುದಿಲ್ಲ. ಚಿಕ್ಕ ನಂಬರಿನಿಂದ ದೊಡ್ಡದಕ್ಕೆ ಹೋಗುತ್ತದೆ. ಮೊದಲು ತ. ಇಂಗ್ಲಿಷಿನ ಗಡಿ 128ರಿಂದ ತಕಾರದವರೆಗಿನ ದೂರ 3108. ಆ ದೂರವನ್ನು 36 ಚಿಹ್ನೆಗಳ ಲೆಕ್ಕದಲ್ಲಿ ಬರೆದರೆ 2, ಎಸ್, ಸಿ. ಆಮೇಲೆ ಭ, ಅದು ತಕಾರದಿಂದ ಬರೀ 9 ಮನೆ ದೂರ, ಜೊತೆಗೆ ಯಾವ ಜಾಗದಲ್ಲಿ ಸೇರಿಸಬೇಕು ಅನ್ನುವುದೂ ಅದೇ ಲೆಕ್ಕದೊಳಗೆ ಅಡಗಿರುತ್ತದೆ. ಎರಡೂ ಸೇರಿ ಒಂದೇ ಅಕ್ಷರ, ಆರ್. ರಕಾರಕ್ಕೆ ಜೆ. ದೀರ್ಘಕ್ಕೆ 9 ಮತ್ತು ಸಿ. ಎಲ್ಲ ಸೇರಿಸಿ ಓದು: ಎಕ್ಸ್ ಎನ್ ಹೈಫನ್ ಹೈಫನ್ 2 ಎಸ್ ಸಿ ಆರ್ ಜೆ 9 ಸಿ. ಕನ್ನಡದ '.ಭಾರತ' ಜಗತ್ತಿನ ಮೂಲ ಪಟ್ಟಿಯಲ್ಲಿ ನೋಂದಾಯಿಸಿಕೊಂಡಿರುವುದು ಈ ಹೆಸರಿನಲ್ಲೇ. ದೂರದಲ್ಲಿ ಇರುವ ತಕಾರಕ್ಕೆ ಮೂರು ಚಿಹ್ನೆ ಖರ್ಚಾಯಿತು, ಆ ಮೇಲೆ ಪಕ್ಕಪಕ್ಕದ ಮನೆಯವರಿಗೆ ಒಂದೊಂದು, ಎರಡೆರಡರಲ್ಲಿ ಮುಗಿಯಿತು. ಯುಟಿಎಫ್-8ರಲ್ಲಿ ಇದೇ ಪದಕ್ಕೆ 12 ಬೈಟು ಬೇಕು, ಇಲ್ಲಿ 7 ಸಾಕು. ಇದನ್ನು ಕಟ್ಟಿದವನ ಕೈಚಳಕಕ್ಕೆ ನಾನಂತೂ ಕೈ ಮುಗಿದೆ.

ನಿನ್ನ ಇಂಡಿಯನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 'ಇಂಡಿ' ಅಂದರೆ ಎಕ್ಸ್ ಎನ್ ಹೈಫನ್ ಹೈಫನ್ 3 ಆರ್ ಸಿ ಜೆ 3 ಎಫ್ ಯು ಎಫ್. ಇದನ್ನು ಬರೆದಿಟ್ಟುಕೋ, ಯಾಕೆಂದರೆ ಮೋಸ ಇರುವುದು ಇಲ್ಲೇ. ಕನ್ನಡದಲ್ಲಿ ಎರಡು ಸೊನ್ನೆ ಇವೆ. ಒಂದು ಅನುಸ್ವಾರ, ಇನ್ನೊಂದು ಕನ್ನಡ ಅಂಕಿಯ ಸೊನ್ನೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕು. ಅವಸರದಲ್ಲಿ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತುವವರು ಎಷ್ಟು ಮಂದಿ ಅಂತ ಯಾವುದಾದರೂ ಕನ್ನಡ ಪಿಡಿಎಫ್ ತೆಗೆದು ಹುಡುಕಿದರೆ ಗೊತ್ತಾಗುತ್ತದೆ. ಓದುವವನಿಗೆ ಅಡ್ಡಿ ಇಲ್ಲ, ಕಣ್ಣು ಸರಿಮಾಡಿಕೊಳ್ಳುತ್ತದೆ. ಆದರೆ ಅಂಕಿಯ ಸೊನ್ನೆ ಹಾಕಿದ 'ಇ೦ಡಿ'ಯ ವೇಷ ಬೇರೆ: 8 ಆರ್ ಸಿ 6 ಸಿ ಎಸ್ ಇ ಡಬ್ಲ್ಯು ಜಿ. ಯಂತ್ರದ ಮಟ್ಟಿಗೆ ಅದು ಇಂಡಿಯೇ ಅಲ್ಲ, ಕಂಡು ಕೇಳದ ಬೇರೊಂದು ಊರು. ಲಿಂಬೆಯವರ ಹ್ಯಾಂಡ್‌ಬಿಲ್ಲು ಟೈಪ್ ಮಾಡುವವನು ಆ ಸೊನ್ನೆ ಒತ್ತಿ, ಅದೇ ಸಾಲು ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದರೆ, ಒತ್ತಿದವರಿಗೆಲ್ಲ 'ಸೈಟ್ ಸಿಗಲಿಲ್ಲ' ಅಂತ ಬರುತ್ತದೆ. ನೀನು ನಿನ್ನ ಸರ್ವರಿನಲ್ಲಿ ರಾತ್ರಿಯೆಲ್ಲ ತಪ್ಪು ಹುಡುಕುತ್ತಾ ಕೂರುತ್ತೀ. ಹೆಸರನ್ನು ವೇಷಕ್ಕೆ ತಿರುಗಿಸಿ ನೋಡು, ಒಂದು ನಿಮಿಷದಲ್ಲಿ ಕಳ್ಳ ಸಿಗುತ್ತಾನೆ. ಸಿಂದಗಿಯಲ್ಲೂ ಅನುಸ್ವಾರ ಇದೆ, ಲಿಂಬೆಯಲ್ಲೂ ಇದೆ, ಅದು ನೆನಪಿರಲಿ.

ಇನ್ನೊಂದು, ನಮ್ಮ ನಾಲ್ಕೂ ತಾಲ್ಲೂಕಿನ ಡಿಟಿಪಿ ಅಂಗಡಿಗಳಿಗೆ ಸಂಬಂಧಪಟ್ಟದ್ದು. ಅಲ್ಲಿ ಇವತ್ತಿಗೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಕೆಲಸ ಓಡುತ್ತದೆ. ನುಡಿ, ಬರಹ ಎರಡೂ ಕಂಪ್ಯೂಟರಿಗೆ ಕನ್ನಡ ಬರದಿದ್ದ ಕಾಲದಲ್ಲಿ ನಮ್ಮ ಮರ್ಯಾದೆ ಉಳಿಸಿದವು, ಅವನ್ನು ಹಳಿಯಬೇಡ. ಆದರೆ ಆ ಹಳೆಯ ಫಾಂಟಿನ ಕಡತದೊಳಗೆ ಇರುವುದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳೇ; ಮೇಲೆ ಕಾಣುವ ಮುಖ ಮಾತ್ರ ಕನ್ನಡದ್ದು. ಫಾಂಟು ತೆಗೆದರೆ ಗೊಬ್ಬರ. ಅದೂ ಹಳೆಯ ಯಂತ್ರದೊಳಗೆ ಕನ್ನಡವನ್ನು ನುಸುಳಿಸುವ ಉಪಾಯವೇ, ಪ್ಯೂನಿಕೋಡೂ ಅದೇ. ಎರಡಕ್ಕೂ ಇರುವ ಫರಕು ಏನೆಂದರೆ, ಪ್ಯೂನಿಕೋಡಿನ ಲೆಕ್ಕ ಜಗತ್ತಿನ ಎಲ್ಲ ಯಂತ್ರಕ್ಕೂ ಒಂದೇ, ಯಾವ ಫಾಂಟೂ ಇಲ್ಲದೆ ಮೂಲ ಅಕ್ಷರ ವಾಪಸು ಬರುತ್ತದೆ. ಹಳೆಯ ಫಾಂಟಿನಲ್ಲಿ ಗುಟ್ಟು ಫಾಂಟು ಇದ್ದವನ ಹತ್ತಿರ ಮಾತ್ರ. ಆದ್ದರಿಂದ ಡಿಟಿಪಿಯವರು ಕಳಿಸಿದ ಕಡತದಿಂದ ಹೆಸರನ್ನು ನಕಲು ಮಾಡಿ ನೋಂದಣಿಯ ಫಾರಮ್ಮಿಗೆ ಅಂಟಿಸಬೇಡ. ಹೆಸರನ್ನು ನೀನೇ ಯೂನಿಕೋಡಿನಲ್ಲಿ, ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡು. ಕನ್ವರ್ಟರ್ ಹಾಕಿದರೂ ಒಮ್ಮೆ ಕಣ್ಣಾಡಿಸು. 'ಗೇ' ಅನ್ನುವುದನ್ನು ಒಂದೇ ಗುರುತಾಗಿಯೂ ಇಡಬಹುದು, ಎತ್ವ ಬೇರೆ, ದೀರ್ಘ ಬೇರೆ ಅಂತ ಎರಡು ತುಂಡಾಗಿಯೂ ಇಡಬಹುದು. ಬಾಗೇವಾಡಿ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಹೆಸರಿನ ನಿಯಮ ಕೂಡಿಸಿ ಬರೆದ ರೂಪವನ್ನೇ ಕೇಳುತ್ತದೆ, ಒಳ್ಳೆಯ ತಂತ್ರಾಂಶ ತಾನೇ ಕೂಡಿಸಿಕೊಳ್ಳುತ್ತದೆ. ನೀನು ಬರೆಯುವ ಪ್ರೋಗ್ರಾಮಿನಲ್ಲೂ ಕೂಡಿಸುವ ಆ ಒಂದು ಸಾಲು ಇರಲಿ.

ಕಾಣದ ಅಕ್ಷರವೊಂದಿದೆ, ಅದರಿಂದ ದೂರ ಇರು. 'ಬುಕ್‌ಸ್ಟಾಲ್' ಅಂತ ಬರೆಯುವಾಗ ಕಕಾರದ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ನಡುವೆ ಶೂನ್ಯ ಅಗಲದ ಗುರುತೊಂದು ಕೂರುತ್ತದೆ. ಅದಿಲ್ಲದಿದ್ದರೆ 'ಬುಕ್ಸ್ಟಾಲ್' ಅಂತ ಒಂದರ ಕೆಳಗೊಂದು ಜೋತು ಬೀಳುತ್ತದೆ. 2003ರ ನಿಯಮ ಈ ಗುರುತನ್ನು ಕಿತ್ತು ಬಿಸಾಡುತ್ತಿತ್ತು. 2010ರ ಆಗಸ್ಟಿನಲ್ಲಿ ಹೊರಬಂದ ಹೊಸ ನಿಯಮ, ಅದಕ್ಕೆ ಐಡಿಎನ್‌ಎ 2008 ಅಂತ ಹೆಸರು, ಅರ್ಧಾಕ್ಷರದ ಗುರುತಾದ ಮೇಲೆ ಬಂದರೆ ಇರಲಿ ಅಂತ ಒಪ್ಪಿತು. ಒಂದು ಬ್ರೌಸರು ಹಳೆಯದನ್ನು, ಇನ್ನೊಂದು ಹೊಸದನ್ನು ಪಾಲಿಸಿದ್ದರಿಂದ ಒಂದೇ ಹೆಸರು ಎರಡು ಕಡೆ ಹೋದ ಕಾಲವೂ ಇತ್ತು. ಈ ಜಗಳ ನಿನಗೆ ಬೇಡ. ಅಂಥ ಗುರುತು ಬೇಡದ ಹೆಸರನ್ನೇ ಆರಿಸು. ನುಕ್ತಾ ಚುಕ್ಕೆಯೂ ಅಷ್ಟೇ. ಕನ್ನಡಕ್ಕೆ ಆ ಚುಕ್ಕೆ ಯೂನಿಕೋಡಿನಲ್ಲಿ ಸೇರಿದ್ದು 4.0ನೇ ಆವೃತ್ತಿಯಲ್ಲಿ, 2003ರ ನಿಯಮ ನಿಂತದ್ದು 3.2ರ ಮೇಲೆ. ನಮ್ಮ ಜಿಲ್ಲೆಯ ಉರ್ದು ಹೆಸರಿನ ಅಂಗಡಿಗಳವರು ಜಕಾರದ ಕೆಳಗೆ ಚುಕ್ಕೆ ಬೇಕು ಅಂದರೆ ಬೋರ್ಡಿನ ಮೇಲೆ ಹಾಕಿಕೊಡು, ಅಡ್ರೆಸ್ಸಿನಲ್ಲಿ ಬೇಡ ಅಂತ ನಯವಾಗಿ ಹೇಳು.

ಹೆಸರಿನೊಳಗೆ ಜಾಗ ಬಿಡುವಂತಿಲ್ಲ. ಬಸವನ ಬಾಗೇವಾಡಿ ಅನ್ನುವುದನ್ನು ಕೂಡಿಸಿ ಬರೆಯಬೇಕು, ಇಲ್ಲವೇ ನಡುವೆ ಹೈಫನ್ ಇಡಬೇಕು. ಉದ್ದದ ಮಿತಿಯಲ್ಲಿ ವೇಷದ ಮುಂದಿನ ನಾಲ್ಕು ಚಿಹ್ನೆಯೂ ಸೇರುತ್ತವೆ, ಉಳಿಯುವುದು 59. ಊರಿನ ಹೆಸರಿಗೆ ಧಾರಾಳ. ಶಾಲೆಯವರು ಟ್ರಸ್ಟಿನ ಹೆಸರು, ದಾನಿಗಳ ಹೆಸರು, ಪ್ರೌಢಶಾಲೆ, ಪದವಿಪೂರ್ವ ಎಲ್ಲ ಸೇರಿಸಿ ಅಂದರೆ ಮಾತ್ರ ಲೆಕ್ಕ ಹಾಕು. ಮುದ್ದೇಬಿಹಾಳದ 'ದ್ದೇ' ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರಕ್ಕೆ ನಾಲ್ಕು: ದ, ಅರ್ಧಾಕ್ಷರದ ಗುರುತು, ಮತ್ತೊಂದು ದ, ಏತ್ವ. ಅಂದಹಾಗೆ ಮುದ್ದೇಬಿಹಾಳವನ್ನು ಹ್ರಸ್ವದಲ್ಲಿ ಬರೆಯುವವರೂ ಇದ್ದಾರೆ, ಬಾಗೇವಾಡಿಯನ್ನೂ ಹಾಗೇ ಬರೆಯುತ್ತಾರೆ. ಲಿಂಬೆ, ನಿಂಬೆ ಅಂತ ಎರಡು. ಹ್ರಸ್ವ-ದೀರ್ಘ ಬೇರೆಯಾದರೆ ವಿಳಾಸವೂ ಬೇರೆ. ಗಿರಾಕಿಗೆ ಶಕ್ತಿ ಇದ್ದರೆ ಎರಡನ್ನೂ ನೋಂದಾಯಿಸಿ ಒಂದನ್ನು ಇನ್ನೊಂದರ ಕಡೆ ತಿರುಗಿಸು. ಇಲ್ಲದಿದ್ದರೆ ಜನ ಹೆಚ್ಚಾಗಿ ಬರೆಯುವ ರೂಪವನ್ನು ಇಡು, ವ್ಯಾಕರಣ ಪಂಡಿತರು ಹೇಳುವುದನ್ನಲ್ಲ. ಪಂಡಿತರು ಲಿಂಬೆಹಣ್ಣು ಮೂಟೆಗಟ್ಟಲೆ ಕೊಳ್ಳುವುದಿಲ್ಲ.

ಒಂದೊಂದು ಸಲ ಬ್ರೌಸರು ಕನ್ನಡ ಹೆಸರು ಬಿಟ್ಟು ವೇಷವನ್ನೇ ಮೇಲೆ ತೋರಿಸುತ್ತದೆ. ಗಿರಾಕಿ ಗಾಬರಿಯಾಗಿ 'ಸೈಟು ಹ್ಯಾಕ್ ಆಗ್ಯಾದ' ಅಂತ ಫೋನ್ ಮಾಡುತ್ತಾನೆ. ಅದಕ್ಕೆ ಕಾರಣ ಇದೆ. 2017ರಲ್ಲಿ ಒಬ್ಬ ಸಂಶೋಧಕ ರಷ್ಯನ್ನರು ಬಳಸುವ ಸಿರಿಲಿಕ್ ಲಿಪಿಯ ಅಕ್ಷರಗಳಿಂದಲೇ ಆ್ಯಪಲ್ ಕಂಪನಿಯ ಹೆಸರಿನಂತೆ ಕಾಣುವ ವಿಳಾಸ ಮಾಡಿ ತೋರಿಸಿದ. ಕೆಲವು ಬ್ರೌಸರುಗಳಲ್ಲಿ ಎರಡಕ್ಕೂ ಗುರುತೇ ಸಿಗಲಿಲ್ಲ. ಆಮೇಲೆ ಬ್ರೌಸರಿನವರು ಇನ್ನೂ ಬಿಗಿಯಾದರು. ಒಂದೇ ತುಂಡಿನಲ್ಲಿ ಲಿಪಿಗಳು ಕಲೆತರೆ, ಅನುಮಾನ ಬಂದರೆ, ವೇಷವನ್ನೇ ತೋರಿಸುತ್ತಾರೆ. ನಮ್ಮ ಪಕ್ಕದ ತೆಲುಗಿನ ಇ, ಜ, ರ, ಲ ನಮ್ಮವನ್ನೇ ಹೋಲುತ್ತವೆ, ಹಾಗಾಗಿ ಈ ಎಚ್ಚರ ಕನ್ನಡಕ್ಕೂ ಬೇಕಾದದ್ದೇ. ಪೂರ್ತಿ ಕನ್ನಡದ್ದೇ ಅಕ್ಷರ ಹಾಕಿದ ಹೆಸರು ಈಗಿನ ಬ್ರೌಸರುಗಳಲ್ಲಿ ಸಾಮಾನ್ಯವಾಗಿ ಕನ್ನಡದಲ್ಲೇ ಕಾಣುತ್ತದೆ.

ಚುಕ್ಕೆಯ ಬಲಗಡೆಯ ಕಥೆ ಸ್ವಲ್ಪ ಹೇಳುತ್ತೇನೆ. ಇಂಗ್ಲಿಷೇತರ ಲಿಪಿಯಲ್ಲಿ ದೇಶದ ಹೆಸರು ಕೇಳಲು ಐಕ್ಯಾನ್ ಸಂಸ್ಥೆ 2009ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಮರುವರ್ಷ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನಗಳ ಅರಬ್ಬಿ ಹೆಸರುಗಳು ಮೊದಲು ಒಳಬಂದವು. ಭಾರತ ಮೊದಲ ಸುತ್ತಿನಲ್ಲಿ ಪಡೆದದ್ದು ಏಳು: ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು. ಕನ್ನಡ ಅದರಲ್ಲಿ ಇರಲಿಲ್ಲ. ತೆಲುಗಿಗೆ ಸಿಕ್ಕು ಕನ್ನಡಕ್ಕೆ ಸಿಗದಿದ್ದದ್ದು ನನಗೆ ಆಗ ಬಹಳ ಚುಚ್ಚಿತ್ತು. ದೇವನಾಗರಿಯ ಹೆಸರು 2014ರ ಆಗಸ್ಟ್ 27ರಂದು ಜನರಿಗೆ ತೆರೆದುಕೊಂಡಿತು. ಕನ್ನಡ ಮಲಯಾಳಂ, ಒಡಿಯಾಗಳ ಜೊತೆ ಮುಂದಿನ ಸುತ್ತಿನಲ್ಲಿ ಬಂತು. ಇವನ್ನೆಲ್ಲ ನೋಡಿಕೊಳ್ಳುವುದು '.ಇನ್' ನಡೆಸುವ ನಿಕ್ಸಿ ಸಂಸ್ಥೆಯೇ. ಲಿಪಿಯ ನಿಯಮಗಳಲ್ಲಿ ಪುಣೆಯ ಸಿ-ಡ್ಯಾಕ್ ಕೈ ಜೋಡಿಸಿತು.

ವಿಳಾಸವಾದ ಮೇಲೆ ಓರೆ ಗೆರೆ ಎಳೆದು ಬರೆಯುವ ಪುಟದ ಹೆಸರಿಗೆ ಈ ವೇಷ ನಡೆಯುವುದಿಲ್ಲ, ಅಲ್ಲಿ ಬೇರೆ ವೇಷ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲು ಮಾಡಿದಾಗ ಶೇಕಡಾ ಗುರುತುಗಳ ಮೆರವಣಿಗೆ ಬರುತ್ತದಲ್ಲ, ಅದು. ಒಂದು 'ಇ'ಗೆ ಮೂರು ಬೈಟು, ಒಂದೊಂದು ಬೈಟಿಗೆ ಮೂರು ಚಿಹ್ನೆ, ಒಟ್ಟು ಒಂಬತ್ತು. ನಾಲ್ಕು ಪದದ ಶೀರ್ಷಿಕೆ ಹಾಕಿದರೆ ಕೊಂಡಿ ಮಾರುದ್ದ. ಹೆಸರು ಕನ್ನಡದಲ್ಲಿ ಇರಲಿ, ಒಳಪುಟಗಳ ಕೊಂಡಿ ಚಿಕ್ಕದಿರಲಿ. ಅಂಕಿ ಹಾಕಿದರೂ ನಡೆದೀತು.

ಈಗ ಎಲ್ಲಕ್ಕಿಂತ ದೊಡ್ಡ ಹಳ್ಳ: ಇಮೇಲು. ಗಿರಾಕಿ ಕೇಳಿಯೇ ಕೇಳುತ್ತಾನೆ, 'ಮೇಲ್ ಐಡಿನೂ ಕನ್ನಡದಾಗ ಮಾಡಿಕೊಡವಾ'. ಅಟ್ ಗುರುತಿನ ಬಲಗಡೆ ಇರುವುದು ಡೊಮೈನ್ ಹೆಸರು, ಅದಕ್ಕೆ ಪ್ಯೂನಿಕೋಡಿನ ವೇಷ ಹಾಕಬಹುದು. ಎಡಗಡೆಗೆ ಆಗದು. ಯಾಕೆ ಗೊತ್ತೇ? ಡೊಮೈನಿನ ಹೆಸರನ್ನು ದಾರಿಯಲ್ಲಿ ಯಾರು ಬೇಕಾದರೂ ಓದಿ ಅರ್ಥ ಮಾಡಿಕೊಳ್ಳಬೇಕು, ಅದಕ್ಕೆ ಜಗತ್ತಿಗೆಲ್ಲ ಒಂದೇ ನಿಯಮ. ಎಡಗಡೆಯ ಹೆಸರು ಕೊನೆಯ ಸರ್ವರಿನ ಖಾಸಗಿ ವಿಷಯ. ಅದನ್ನು ತಿದ್ದುವ, ಅರ್ಥ ಮಾಡುವ ಹಕ್ಕು ನಡುವಿನವರಿಗೆ ಇಲ್ಲ. 1982ರ ಮೇಲ್ ನಿಯಮವೇ ಹಾಗೆ. ಆದರೂ ಪ್ರಯತ್ನ ಮಾಡಿದರು. 2008ರಲ್ಲಿ ಪ್ರಯೋಗಕ್ಕೆಂದು ಒಂದು ನಿಯಮ ಬರೆದರು: ಹಳೆಯ ಸರ್ವರು ಎದುರಾದರೆ ದಾರಿಯಲ್ಲೇ ಮೇಲನ್ನು ಇಂಗ್ಲಿಷ್ ವಿಳಾಸಕ್ಕೆ ಇಳಿಸಿ ಕಳಿಸುವುದು. ಕೂಡಿ ಬರಲಿಲ್ಲ. 2012ರಲ್ಲಿ ಪಕ್ಕಾ ನಿಯಮ ಬರೆಯುವಾಗ ಆ ಇಳಿಸುವ ಯೋಜನೆಯನ್ನೇ ಕೈಬಿಟ್ಟರು. ಈಗಿನ ನಿಯಮ ಕಡ್ಡಿ ಮುರಿದ ಹಾಗೆ: ದಾರಿಯ ಎಲ್ಲ ಮೇಲ್ ಸರ್ವರುಗಳಿಗೂ ಹೊಸ ವಿದ್ಯೆ ಬರಬೇಕು, ಒಂದಕ್ಕೆ ಬರದಿದ್ದರೆ ಪತ್ರ ವಾಪಸು. ಜಿಮೇಲ್ 2014ರಲ್ಲೇ ಇಂಥ ವಿಳಾಸಗಳಿಗೆ ಕಳಿಸಲು, ಅವುಗಳಿಂದ ಪಡೆಯಲು ಶುರುಮಾಡಿತು. ಆದರೆ ಆ ಕಡೆ ಬ್ಯಾಂಕು, ಸಾರಿಗೆ ಕಂಪನಿ, ಸರ್ಕಾರಿ ಪೋರ್ಟಲ್ಲು ಇರುತ್ತವಲ್ಲ, ಅವುಗಳ ಫಾರಮ್ಮು 'ವಿಳಾಸ ತಪ್ಪು' ಅಂದರೆ ನಿನ್ನ ಲಿಂಬೆಯವರ ಆರ್ಡರ್ ನಿಂತುಹೋಗುತ್ತದೆ. ಆದ್ದರಿಂದ ಎಡಗಡೆ ಇಂಗ್ಲಿಷೇ ಇರಲಿ, ಬಲಗಡೆಯೂ ಸದ್ಯಕ್ಕೆ '.ಇನ್' ಹೆಸರೇ ಇರಲಿ. ಕನ್ನಡದ ಮೇಲ್ ವಿಳಾಸ ಬೇಕೇ ಬೇಕು ಅನ್ನುವವರಿಗೆ ಮಾಡಿಕೊಡು, ಜೊತೆಗೆ ಇಂಗ್ಲಿಷಿನದೂ ಒಂದು ಇಟ್ಟು ಎರಡೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡು. ಕನ್ನಡದ ಅಭಿಮಾನಿ ಹೀಗೆ ಹೇಳಬಹುದೇ ಅಂತ ಬೈಯುವವರಿಗೆ ನನ್ನ ಹೆಸರು ಹೇಳು.

ಕೆಲಸದ ಹೊತ್ತಿನಲ್ಲಿ ಬೇಕಾಗುವ ಮಾತು ನಾಲ್ಕು ಉಳಿದಿವೆ. ಹೋಸ್ಟಿಂಗ್‌ನ ಪ್ಯಾನೆಲ್ಲಿನಲ್ಲಿ, ಡಿಎನ್‌ಎಸ್‌ನ ಸಾಲುಗಳಲ್ಲಿ ಕನ್ನಡ ಹಾಕಿ ಒದ್ದಾಡಬೇಡ, ವೇಷದ ರೂಪವನ್ನೇ ಹಾಕು. ಬೀಗದ ಗುರುತು ಕೊಡುವ ಸರ್ಟಿಫಿಕೇಟಿನೊಳಗೆ ಬರೆಯುವುದೂ ಆ ರೂಪವನ್ನೇ. ಕ್ಯೂಆರ್ ಕೋಡ್ ಮಾಡುವಾಗಲೂ ಅದನ್ನೇ ತುಂಬು. ಯಾವ ಹಳೆಯ ಫೋನಿನ ಸ್ಕ್ಯಾನರ್ ಆದರೂ ಓದುತ್ತದೆ, ನೋಡುವವನಿಗೆ ಕೋಡಿನ ಕೆಳಗೆ ಅಚ್ಚ ಕನ್ನಡದ ಹೆಸರು ಬರೆ. ಅಂಕಿಯ ಸೊನ್ನೆಯ ಕಾಟವೂ ಇದರಿಂದ ತಪ್ಪುತ್ತದೆ. ನಮ್ಮ ರೈತರು ವಿಳಾಸವನ್ನು ಟೈಪ್ ಮಾಡುವುದಿಲ್ಲ, ಖರೇ ಹೇಳಬೇಕೆಂದರೆ. ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಒತ್ತುತ್ತಾರೆ, ಇಲ್ಲವೇ ಫೋನಿಗೆ ಬಾಯಲ್ಲಿ ಹೇಳುತ್ತಾರೆ. ಕೆಲವು ಆ್ಯಪುಗಳಿಗೆ ಕನ್ನಡದ ವಿಳಾಸ ಕೊಂಡಿ ಅಂತ ತಿಳಿಯುವುದೇ ಇಲ್ಲ, ಬರೀ ಅಕ್ಷರವಾಗಿ ಬಿಡುತ್ತವೆ. ಕಳಿಸುವ ಮೊದಲು ಮನೆಯಲ್ಲಿರುವ ಎಲ್ಲ ಫೋನಿನಲ್ಲೂ ಒತ್ತಿ ನೋಡು, ಅದರಲ್ಲೂ ಅವ್ವನ ಹಳೆಯ ಫೋನಿನಲ್ಲಿ.

ಯಾರಿಗೇ ಆಗಲಿ ಕನ್ನಡದ್ದೊಂದೇ ಹೆಸರು ಮಾರಬೇಡ. ಕನ್ನಡದ್ದು, ಇಂಗ್ಲಿಷಿನದ್ದು ಎರಡನ್ನೂ ನೋಂದಾಯಿಸಿ ಒಂದೇ ಮನೆಗೆ ದಾರಿ ಮಾಡು. ಎರಡರ ಖರ್ಚನ್ನೂ ಮೊದಲೇ ಬಾಯಿಬಿಟ್ಟು ಹೇಳು. ನೋಂದಣಿ ಗಿರಾಕಿಯ ಹೆಸರಿನಲ್ಲಿ ಇರಲಿ, ನಿನ್ನ ಹೆಸರಿನಲ್ಲಿ ಬೇಡ. ವರ್ಷಕ್ಕೊಮ್ಮೆ ಹಣ ಕಟ್ಟುವ ತಾರೀಖನ್ನು ಅವರ ಕ್ಯಾಲೆಂಡರಿನ ಮೇಲೆ ನೀನೇ ಬರೆದುಕೊಟ್ಟು ಬಾ. ಒಂದು ನೋಟ್‌ಬುಕ್ಕು ಇಡು. ಪ್ರತಿ ಪುಟದಲ್ಲಿ ಎಡಗಡೆ ಕನ್ನಡದ ಹೆಸರು, ಬಲಗಡೆ ಅದರ ವೇಷ. ಇಂಡಿಯ ಪುಟವನ್ನು ಈ ಪತ್ರ ನೋಡಿ ತುಂಬಿಕೋ, ಆದರೆ ಕಾಕಾನ ಲೆಕ್ಕ ಅಂತ ನಂಬಿ ಬಿಡಬೇಡ, ಕಂಪ್ಯೂಟರಿನಲ್ಲಿ ತಿರುಗಿಸಿ ತಾಳೆ ನೋಡು.

ಬಾಗೇವಾಡಿಯ ಶಾಲೆಯವರಿಗೆ ಮಾತ್ರ ನಾಳೆಯೇ ಫೋನ್ ಮಾಡು. ಊರಿನ ಹೆಸರು ಕೂಡಿಸಿ ಬೇಕೋ, ಹೈಫನ್ ಬೇಕೋ, ಗಕಾರಕ್ಕೆ ದೀರ್ಘ ಹೌದೋ ಅಲ್ಲವೋ, ಮೂರನ್ನೂ ಕೇಳಿ ಬರೆದುಕೋ. ಪೇಂಟರು ಗೇಟಿನ ಮೇಲೆ ವಿಳಾಸ ಬರೆಯಲು ಬಂದಮೇಲೆ ಕೇಳಿದರೆ ಅವರು ಗೇಟನ್ನು ತಿದ್ದುವುದಿಲ್ಲ, ನಿನ್ನ ಡೊಮೈನನ್ನು ತಿದ್ದು ಅನ್ನುತ್ತಾರೆ.